ಅಕ್ಕನ ಸೊಪ್ಪಿನ ಗಾಡಿ

ನನ್ನ ಕೈಯಲ್ಲಿ ಹುಟ್ಟಿದ ಸೈಕಲ್ಲುಗಳಿಗೆ ಕಂಪನಿ ಹೆಸರಿಲ್ಲ. ಮುಂದಿನ ಚಕ್ರ ಒಂದು ಕಡೆಯದು, ಹಿಂದಿನದು ಇನ್ನೊಂದು ಕಡೆಯದು, ಹ್ಯಾಂಡಲ್ ಯಾವುದೋ ಪುಣ್ಯಾತ್ಮನದು. ಚನ್ನಪಟ್ಟಣದ ಗುಜರಿ ಅಂಗಡಿಗಳಿಗೆ ನಾನು ಕಾಲಿಟ್ಟರೆ ಅಲ್ಲಿನವರು ಮುಖ ಸಿಂಡರಿಸುತ್ತಾರೆ. ಯಾಕೆಂದರೆ ನಾನು ತೂಕಕ್ಕೆ ಹಾಕಿಸಿಕೊಂಡು ಹೋಗುವವನಲ್ಲ. ಒಂದೊಂದನ್ನೂ ತಿರುಗಿಸಿ, ತಟ್ಟಿ, ಕಿವಿಗೆ ಹಿಡಿದು ನೋಡುವವನು. ಶಾಲೆಯಲ್ಲಿ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಆ ಮಕ್ಕಳು ಕಾಲೇಜು ಮುಗಿಸುವ ಹೊತ್ತಿಗೆ ಅಲ್ಲಿಗೆ ಬಂದು ಬೀಳುತ್ತವೆ. ನೋಡಿದವರಿಗೆ ಬರೀ ತುಕ್ಕು ಕಾಣುತ್ತದೆ. ನನಗೆ ಇನ್ನೂ ಇಪ್ಪತ್ತು ವರ್ಷ ಓಡುವ ಹಬ್ಬು, ಬೇರಿಂಗು, ಫೋರ್ಕು ಕಾಣುತ್ತವೆ. ಜಂಬದ ಮಾತು ಅನ್ನಿಸಿದರೆ ಅನ್ನಿಸಲಿ, ಜಂಬದಿಂದಲೇ ಹೇಳುತ್ತಿದ್ದೇನೆ.

ಅಂಗಡಿ ನಮ್ಮಪ್ಪನದು. ಅವರ ಕಾಲದಲ್ಲಿ ಗಂಟೆಗಿಷ್ಟು ಅಂತ ಸೈಕಲ್ ಬಾಡಿಗೆಗೆ ಹೋಗುತ್ತಿದ್ದವು. ನನಗೆ ಸೈಕಲ್ ಕಲಿಸಿದ್ದು ಅಪ್ಪ ಅಲ್ಲ, ನನ್ನ ಅಕ್ಕ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ದೊಡ್ಡವರ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆಯುತ್ತಿದ್ದಳು. ನಾನು ಹಿಂದೆ ಓಡುತ್ತಿದ್ದೆ. ನಾನು ಹತ್ತಿ ಬಿದ್ದರೆ ನನ್ನನ್ನು ಎತ್ತುತ್ತಿರಲಿಲ್ಲ, ಸೈಕಲ್ಲಿಗೆ ಏನಾಯಿತು ಎಂದು ಮೊದಲು ನೋಡುತ್ತಿದ್ದಳು.

ಅವಳನ್ನು ಹೊಂಗನೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟರು. ಅಲ್ಲಿ ಅವಳು ರೇಷ್ಮೆ ಹುಳು ಸಾಕುವುದನ್ನು ಅತ್ತೆಯಿಂದ ಕಲಿತು ಅತ್ತೆಯನ್ನೇ ಮೀರಿಸಿದಳು. ರಾಮನಗರದ ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ, ನೂಲು ತೆಗೆಯುವ ರೀಲರುಗಳು ಅವಳ ಗೂಡನ್ನು ಎರಡನೇ ಸಲ ಅಲ್ಲಾಡಿಸುವುದಿಲ್ಲ. ಭಾವ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಒಳ್ಳೆಯವರೇ. ಆದರೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿ, ಹಾಲು ಅಳೆಯುವುದೂ ಅದೇ ಹೊತ್ತಿನಲ್ಲಿ. ಹಾಗಾಗಿ ತೋಟದಿಂದ ಹುಳು ಮನೆಯವರೆಗೆ, ಸುಮಾರು ಒಂದು ಮೈಲಿ, ಸೊಪ್ಪಿನ ಹೊರೆ ಬಂದದ್ದೆಲ್ಲ ಅಕ್ಕನ ತಲೆಯ ಮೇಲೆ.

ಹೋದ ವರ್ಷ ಅವಳ ಎಡಗೈ ಜೋಮು ಹಿಡಿಯಲು ಶುರುವಾಯಿತು. ಕತ್ತಿನ ಮೂಳೆ ಸವೆದಿದೆ, ಇನ್ನು ತಲೆಯ ಮೇಲೆ ಒಂದು ಕೊಡ ನೀರನ್ನೂ ಹೊರಬೇಡಿ ಎಂದರು ಡಾಕ್ಟರು. ಭಾವ ಅಲ್ಲೇ ತೀರ್ಮಾನ ಮಾಡಿಬಿಟ್ಟರು. ಈ ಬೆಳೆ ಮುಗಿದ ಮೇಲೆ ಹಿಪ್ಪುನೇರಳೆ ಕೀಳಿಸಿ ತೆಂಗು ಇಡುವುದು, ಜೆಸಿಬಿಯವನಿಗೂ ಹೇಳಿ ಆಗಿದೆ. ಅಕ್ಕ ನನಗೆ ಫೋನ್ ಮಾಡಿದಳು.

“ಹುಳ ಬುಟ್ಟು ನಾನೇನ್ಲಾ ಮಾಡ್ಲಿ? ಟೀವಿ ಮುಂದೆ ಕೂತ್ಕಂಡು ಸಾಯ್ಲಾ?”

ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಒಂದು ಮೊಪೆಡ್ ತಗೋ ಎಂದೆ. “ಪೆಟ್ರೋಲ್ ವಾಸ್ನೆ ಸೊಪ್ಪಿಗೆ ಹತ್ಕತದೆ ಕಣ್ಲಾ. ನಮ್ ಹುಳಕ್ಕೆ ಆಗಾಕಿಲ್ಲ,” ಎಂದಳು. ಈ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆಗಲೇ ನನ್ನ ತಲೆಯೊಳಗೆ ಗಾಡಿ ತಯಾರಾಗುತ್ತಿತ್ತು.

ಭಾವನ ಹತ್ತಿರ ಮಾತಾಡಿದೆ. ತಲೆಯ ಮೇಲೆ ಹೊರದೆ ಸೊಪ್ಪು ಮನೆಗೆ ಬಂದರೆ ತೋಟ ಉಳಿಯಲಿ ಎಂದು ಒಪ್ಪಿಸಿದೆ. ಅವರು ಒಪ್ಪಿದ್ದು ನನ್ನ ಬಾಯಿ ಮುಚ್ಚಿಸುವುದಕ್ಕೆ ಅಂತ ನನಗೂ ಗೊತ್ತಿತ್ತು.

ತೋಟದ ದಾರಿಯ ಅಗಲವನ್ನು ದಾರದಲ್ಲಿ ಅಳೆದು ಗಂಟು ಹಾಕಿ ತಂದೆ. ಸೀರೆಯಲ್ಲಿ ಹತ್ತಿ ಇಳಿಯಲು ಆಗುವಂತೆ ಬಾರು ತಗ್ಗಾಗಿರುವ ಲೇಡೀಸ್ ಸೈಕಲ್ಲೊಂದನ್ನು ಗುಜರಿಯ ರಾಶಿಯ ತಳದಿಂದ ಎಳೆದೆ. ಎರಡು ಸ್ಕೂಲ್ ಸೈಕಲ್ಲುಗಳ ಚಕ್ರ ಬಿಚ್ಚಿ, ಕಡ್ಡಿಗಳನ್ನೆಲ್ಲ ಬಿಗಿದು ಹಿಂದಿನ ಗಾಡಿಗೆ ಹಾಕಿದೆ. ಗಾಡಿಯ ಚೌಕಟ್ಟು ಬೋರ್‌ವೆಲ್ಲಿನ ಹಳೆಯ ಪೈಪು. ಸೈಕಲ್ಲಿಗೂ ಗಾಡಿಗೂ ನಡುವೆ ಕೊಂಡಿ, ಕೊಂಡಿಯೊಳಗೆ ಟೈರಿನ ದಪ್ಪ ರಬ್ಬರು, ಹಳ್ಳಕ್ಕೆ ಇಳಿದರೂ ಜಗ್ಗಬಾರದು ಅಂತ. ಬೇಕೆಂದಾಗ ಕೊಂಡಿ ಕಳಚಿ ಗಾಡಿಯನ್ನಷ್ಟೇ ತಳ್ಳಿಕೊಂಡು ಹೋಗಬಹುದು. ಸೊಪ್ಪು ತುಂಬುವುದಕ್ಕೆ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ ಕೂರಿಸಿದೆ. ತೊಟ್ಟಿಲು ಇದ್ದ ಹಾಗಿತ್ತು. ಮೂರು ಸಲ ಸೋಪಿನ ಪುಡಿ, ಒಂದು ಸಲ ಹುಣಸೆಹಣ್ಣು ಹಾಕಿ ತಿಕ್ಕಿದೆ. ಎರಡು ದಿನ ಬಿಸಿಲಿಗಿಟ್ಟೆ.

ಅದನ್ನು ಲಗೇಜ್ ಆಟೋಗೆ ಹಾಕಿ ಕಳಿಸಬಹುದಿತ್ತು. ನಾನೇ ತುಳಿದುಕೊಂಡು ಹೋದೆ. ದಾರಿಯುದ್ದಕ್ಕೂ ಟೀ ಅಂಗಡಿಯವರು ಗ್ಲಾಸು ಕೆಳಗಿಟ್ಟು ನೋಡಲಿ ಅಂತಲೇ ಹೋದೆ. ನೋಡಿದರು. ಒಬ್ಬರಂತೂ ಸ್ಕೂಟರ್ ತಿರುಗಿಸಿಕೊಂಡು ಬಂದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಎಲ್ಲೂ ಸಿಗುವುದಿಲ್ಲ ಎಂದೆ.

ನಾನು ತಲುಪಿದಾಗ ಅಕ್ಕನ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಬಿಡುವಾಗ ಹುಳು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿಯಿಲ್ಲ. ಅಕ್ಕ ಗಾಡಿಯನ್ನು ಒಂದು ಸುತ್ತು ಬಂದಳು, ಚಕ್ರ ತಿರುಗಿಸಿದಳು, ನಕ್ಕಳು. ಆಮೇಲೆ ಡ್ರಮ್ಮಿನೊಳಗೆ ತಲೆ ಹಾಕಿ ಮೂಸಿದಳು. ನಗು ಹೋಯಿತು.

“ಇದ್ರಲ್ಲಿ ಮೊದ್ಲು ಏನಿತ್ತು?”

“ಎಣ್ಣೆ ಅಂದ, ಗುಜರಿಯವ್ನು.”

ಅವಳು ಒಂದು ಹಿಡಿ ಸೊಪ್ಪನ್ನು ಡ್ರಮ್ಮಿನಲ್ಲಿ ಹರಡಿ ಒಂದು ಗಂಟೆ ಬಿಟ್ಟಳು. ಹುಳು ಮನೆಯಿಂದ ಹತ್ತು ಹುಳು ತಂದು ಬೇರೆ ತಟ್ಟೆಯಲ್ಲಿಟ್ಟು ಆ ಸೊಪ್ಪು ಹಾಕಿದಳು. ತೋಟಕ್ಕೆ ಔಷಧಿ ಹೊಡೆದಾಗ, ಪಕ್ಕದ ಹೊಲದ ಔಷಧಿ ಗಾಳಿಗೆ ಬಂದಿರಬಹುದು ಅನ್ನಿಸಿದಾಗ ಅವರು ಹೀಗೆ ಮಾಡುತ್ತಾರಂತೆ. ಮೊದಲು ಹತ್ತು ಹುಳಕ್ಕೆ, ಆಮೇಲೆ ಮನೆಗೆಲ್ಲ.

ನನಗೆ ಪಿತ್ತ ನೆತ್ತಿಗೇರಿತು. “ನನ್ಮೇಲೆ ನಂಬ್ಕೆ ಇಲ್ವೇನಕ್ಕ?”

“ನಿನ್ಮೇಲೈತೆ. ಡ್ರಮ್ಮಿನ್ ಮ್ಯಾಲಿಲ್ಲ.”

ಹುಳುಗಳು ಸೊಪ್ಪಿನ ಹತ್ತಿರ ಹೋದವು. ಎರಡು ಹುಳು ಬಾಯಿ ಹಾಕಿದವು, ಉಳಿದವು ತಲೆ ಎತ್ತಿ ಅತ್ತಿತ್ತ ಆಡಿಸಿದವು. ಸ್ವಲ್ಪ ಹೊತ್ತಿಗೆ ಆ ಎರಡೂ ಹಸಿರು ನೀರು ಕಕ್ಕಿ ಸೊಟ್ಟಗಾದವು. ಡ್ರಮ್ಮಿನಲ್ಲಿ ಇದ್ದದ್ದು ಎಣ್ಣೆಯಲ್ಲ, ಕೀಟದ ಔಷಧಿ. ನನ್ನ ಮಾತು ಕೇಳಿ ಅವಳು ಅದರಲ್ಲಿ ಸೊಪ್ಪು ತುಂಬಿದ್ದರೆ ಅಟ್ಟಣೆಯ ಮೇಲಿದ್ದ ಅಷ್ಟೂ ಹುಳು ಸಂಜೆಗೆ ಸತ್ತಿರುತ್ತಿದ್ದವು. ಮೂವತ್ತು ವರ್ಷ ಕೆಲಸ ಮಾಡಿದವನನ್ನು ಹತ್ತು ಹುಳು ನಪಾಸು ಮಾಡಿದವು. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಭಾವ ಬಂದು ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ಹೋಗ್ಲಿ ಬುಡಪ್ಪ, ಆಸೆ ಪಟ್ ಮಾಡ್ದೆ,” ಎಂದು ಹೆಗಲು ತಟ್ಟಿ ಡೈರಿಗೆ ಹೋದರು.

ಸಂಜೆ ಅಕ್ಕ ಸಿಂಬಿ ಸುತ್ತಿಕೊಂಡು ತೋಟಕ್ಕೆ ಹೊರಟಳು. ಡಾಕ್ಟರು ಹೇಳಿದ್ದು ಅವಳಿಗೂ ಗೊತ್ತು, ಹುಳು ಕಾಯುವುದಿಲ್ಲ ಎಂಬುದೂ ಗೊತ್ತು. ಸಿಂಬಿ ಕಿತ್ತುಕೊಂಡು ನಾನೇ ಹೊತ್ತೆ. ಹಸಿ ಸೊಪ್ಪಿನ ಭಾರ ಏನೆಂದು ಆವತ್ತು ತಿಳಿಯಿತು. ಅರ್ಧ ದಾರಿಗೆ ಕತ್ತು ನನ್ನದೋ ಇನ್ನೊಬ್ಬರದೋ ಗೊತ್ತಾಗಲಿಲ್ಲ. ಇದನ್ನು ಅವಳು ನಲವತ್ತು ವರ್ಷ ಹೊತ್ತಿದ್ದಳು, ನಾನು ಅದೇ ಊರಿಗೆ ಹಬ್ಬಕ್ಕೆ ಬಂದು ಒಬ್ಬಟ್ಟು ತಿಂದು ಹೋಗುತ್ತಿದ್ದೆ. ನಾಚಿಕೆಯಾಯಿತು, ಅದೂ ಡ್ರಮ್ಮಿಗಾಗಿ ಅಲ್ಲ.

ಮಾರನೆಯ ಬೆಳಿಗ್ಗೆಯೂ ಹೊತ್ತು ತಂದು ಇಳಿಸಿ, ಹುಳು ಮನೆಯ ಹಿಂದೆ ಬೆನ್ನು ಒರಗಿಸಿ ಕೂತೆ. ಒರಗಿದ್ದು ಚಂದ್ರಿಕೆಗಳ ರಾಶಿಗೆ. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿಗಳು ಅವು. ಅಕ್ಕ ಪ್ಲಾಸ್ಟಿಕ್ಕಿನದಕ್ಕೆ ಬದಲಾಯಿಸಿದ ಮೇಲೆ ಮೂಲೆ ಸೇರಿದ್ದವು. ಅಂಚು ಮುರಿದಿತ್ತು, ಆದರೆ ಬಿದಿರು ಗಟ್ಟಿಯಾಗಿತ್ತು. ಒಂದನ್ನು ಎಳೆದು ತಟ್ಟಿ ನೋಡಿದೆ. ಊರೂರು ಸುತ್ತಿ ಗುಜರಿ ಹುಡುಕುವವನಿಗೆ ಅಕ್ಕನ ಹಿತ್ತಲು ಕಂಡಿರಲಿಲ್ಲ.

“ಅದ್ರಲ್ಲಿ ಹಳೇ ರೋಗ ಇರ್ತದೆ, ಒಸಿ ತಡಿ,” ಎಂದು ಅಕ್ಕ ಅವನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದಳು. ನಾನು ಡ್ರಮ್ಮು ಕಿತ್ತೆಸೆದು ಅದು ತಾಗಿದ್ದ ಪೈಪನ್ನೆಲ್ಲ ಉಜ್ಜಿ ತೊಳೆದೆ. ಬಿದಿರು ಒಣಗಿದ ಮೇಲೆ ಅಳತೆಗೆ ಕೊಯ್ದು ತಳಕ್ಕೊಂದು, ನಾಲ್ಕು ಕಡೆಗೆ ನಾಲ್ಕು ನಿಲ್ಲಿಸಿ, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದೆ. ತಂತಿಯಿಲ್ಲ, ಬಣ್ಣವಿಲ್ಲ, ಗ್ರೀಸು ಚಕ್ರದೊಳಗೆ ಬಿಟ್ಟರೆ ಎಲ್ಲೂ ಇಲ್ಲ. ಗಾಳಿಯಾಡುತ್ತದೆ, ಸೊಪ್ಪು ಬಿಸಿಯಾಗುವುದಿಲ್ಲ. ಡ್ರಮ್ಮಿಗಿಂತ ಸಾವಿರ ಪಾಲು ಚೆನ್ನಾಗಿತ್ತು.

ಈ ಸಲ ಹತ್ತು ಹುಳು ತಾ ಎಂದು ನಾನೇ ಕೇಳಿದೆ. ಅಕ್ಕ ತಟ್ಟೆಯಿಟ್ಟು ಒಳಗೆ ಹೋದಳು, ನಾನು ಮೊಣಕಾಲೂರಿ ಕೂತೆ. ಹತ್ತು ಹುಳು ಮೇಯುವ ಸದ್ದು ಯಾರಿಗೂ ಕೇಳುವುದಿಲ್ಲ. ನನಗೆ ಕೇಳಿಸಿತು. ಎಲೆಯ ನರ ಮಾತ್ರ ಉಳಿಯುವ ತನಕ ಅಲ್ಲಿಂದ ಏಳಲಿಲ್ಲ.

ಆವತ್ತು ಸಂಜೆ ಅಕ್ಕ ತೋಟದಿಂದ ಗಾಡಿ ಸಮೇತ ಸೈಕಲ್ಲನ್ನು ತಳ್ಳಿಕೊಂಡು ಬಂದಳು, ನಾನು ಹಿಂದೆ. ಟಾರು ರಸ್ತೆ ಸಿಕ್ಕಿದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಸೀಟಿಗೆ ಹತ್ತಿದಳು. ಹ್ಯಾಂಡಲ್ ಎರಡು ಸಲ ಓಲಾಡಿತು, ಅಷ್ಟೇ. ಡೈರಿಯ ಮುಂದೆ ಹಾಲು ತಂದು ಸಾಲಾಗಿ ನಿಂತವರೆಲ್ಲ ತಿರುಗಿದರು. ಅವಳು ಬೇಕಂತಲೇ ಬೆಲ್ಲು ಹೊಡೆದಳು. ಅಳತೆಯ ಲೋಟ ಕೈಯಲ್ಲಿ ಹಿಡಿದೇ ಭಾವ ಹೊರಗೆ ಬಂದು, ದಾರಿಗೆ ಅಡ್ಡವಿದ್ದ ಕ್ಯಾನುಗಳನ್ನು ಪಕ್ಕಕ್ಕೆ ಸರಿಸಿ ನಿಂತರು. ನನ್ನ ಎದೆ ಎಷ್ಟು ಉಬ್ಬಿತೆಂದು ಹೇಳಲು ನನಗೆ ಬರುವುದಿಲ್ಲ.

ಆ ಬೆಳೆಯ ಗೂಡು ಬಿಡಿಸಿ ಆದ ಮೇಲೆ ಫೋನ್ ಬಂತು. ಜೆಸಿಬಿಯ ವಿಷಯ ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಭಾವ ಹೇಗಿದ್ದಾರೆ ಎಂದಷ್ಟೇ ಕೇಳಿದೆ.

“ಅವ್ರಿಗೇನು. ಹಾಲಿನ ಕ್ಯಾನೂ ಅದ್ರಲ್ಲೇ ತತ್ತೀನಿ ಅಂದ್ರು. ಮುಟ್ಟಿ ನೋಡವ ಅಂದೆ.” ಹಾಗೇ ಮುಂದುವರಿಸಿದಳು, “ಮುಂದಿನ್ ಬೆಳೆಗೆ ನೂರ್ ಮೊಟ್ಟೆ ಹೇಳ್ಬುಟ್ಟಿವ್ನಿ ಕಣ್ಲಾ.”

ಒಂದು ಚಿಟ್ಟೆ ಇಟ್ಟಷ್ಟಕ್ಕೂ ಸೇರಿ ಒಂದು ಮೊಟ್ಟೆ ಎಂದು ಲೆಕ್ಕ. ತಲೆಯ ಮೇಲೆ ಹೊರುತ್ತಿದ್ದ ಅಷ್ಟೂ ವರ್ಷ ಅವಳು ಐವತ್ತು ಮೊಟ್ಟೆ ದಾಟಿದವಳಲ್ಲ. ನಾನು ಮನಸ್ಸಿನಲ್ಲೇ ಸೊಪ್ಪಿನ ಲೆಕ್ಕ ಹಾಕತೊಡಗಿದೆ.

“ಏನ್ಲಾ, ಇದ್ದೀಯಾ? ಸೊಪ್ಪು ಜಾಸ್ತಿಯಾಯ್ತದೆ. ಬಂದು ಗಾಡಿನ ಒಂದಡಿ ಉದ್ದ ಮಾಡ್ಕೊಡು.”

“ಒಂದಡಿ ಸಾಕೇನಕ್ಕ?” ಎಂದೆ.

“ಎರಡೇ ಮಾಡ್ಬುಡು,” ಎಂದಳು.