ಗುರುವಾರದ ಎಣಿಕೆ

ಕೊಪ್ಪಳದ ಪಕ್ಕದ ಭಾಗ್ಯನಗರದ ಬಾಡಿಗೆ ಮನೆಗೆ ಬಂದ ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದರೆ, ಗುರುತಿಲ್ಲದ ಹುಡುಗಿಯೊಬ್ಬಳು ನಮ್ಮ ನೀರಿನ ಬ್ಯಾರಲ್ಲಿನೊಳಗೆ ತಲೆ ಹಾಕಿ ನಿಂತಿದ್ದಳು.

"ಮಾತಾಡಬ್ಯಾಡ್ರಿ ಅಕ್ಕಾರ, ಎಣಿಕಿ ತಪ್ಪತೈತಿ!"

ಎಣಿಸುತ್ತಿದ್ದದ್ದು ಸೊಳ್ಳೆಮರಿಗಳನ್ನು. ಮಂಗಳೂರಿನ ನಮ್ಮ ಮನೆಯಲ್ಲಿ ಬಾವಿಗೆ ಕೊಡಪಾನ ಇಳಿಸಿದರೆ ನೀರು. ಇಲ್ಲಿ ನಲ್ಲಿಗೆ 'ನಳ' ಅನ್ನುತ್ತಾರೆ. ಒಮ್ಮೆ ನಳ ಬಂದಾಗ ತುಂಬಿಟ್ಟದ್ದೇ ಮುಂದಿನ ನಳದವರೆಗೆ.

ಹುಡುಗಿ ರೇಣುಕಾ, ಮನೆ ಮಾಲೀಕರ ಮಗಳು. ನನ್ನವರು ಎರಡು ತಿಂಗಳ ಮೊದಲೇ ಬಂದು ಜೀವಶಾಸ್ತ್ರ ಕಲಿಸಲು ಸೇರಿದ್ದ ಕೊಪ್ಪಳದ ಕಾಲೇಜಿನಲ್ಲೇ ಬಿ.ಎಸ್ಸಿ. ಓದುತ್ತಿದ್ದಳು. ಅವರ ತರಗತಿಯಲ್ಲಿ ಪ್ರತಿಯೊಬ್ಬರೂ ತಾವೇ ಏನನ್ನಾದರೂ ಗಮನಿಸಿ ಬರೆಯಬೇಕು, ಅದನ್ನು ಜೊತೆಯವರು ಓದಿ ಅಂಚಿನಲ್ಲಿ ತಪ್ಪು ಒಪ್ಪು ಗುರುತಿಸಬೇಕು, ಆಮೇಲೆ ತಿದ್ದಬೇಕು.

ಸಂಜೆ ರೇಣುಕಾ ಮತ್ತು ಅವಳ ಗೆಳತಿ ಶಾಹೀನ್ ನನ್ನ ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದರು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಶಿಸ್ತಿನಲ್ಲಿ ನಾನು ವಾಕ್ಯ ನೋಡಿಕೊಡುತ್ತಿದ್ದೆ. "ಸಾರಿಗೂ ತಲಿಗೂ ಒಂದ ಎಣ್ಣಿ ಏನ್ರಿ?" ಎಂದು ಶಾಹೀನ್ ನನ್ನ ತೆಂಗಿನೆಣ್ಣೆಯ ಒಗ್ಗರಣೆಗೆ ಮೂಗು ಮುರಿಯುತ್ತಿದ್ದಳು. ಓಣಿಯ ಉಳಿದವರು "ಚಾ ಆತೇನ್ರಿ?" ಎಂದು ಮುಂದೆ ಹೋಗುತ್ತಿದ್ದರು. ಈ ಊರಿನಲ್ಲಿ ನನಗಿದ್ದದ್ದು ಇವರಿಬ್ಬರೇ.

ಒಂದು ಸಂಜೆ ರೇಣುಕಾ ಬರುವ ಮೊದಲು, ಸೊಳ್ಳೆಮರಿಗಳ ದಿನದಿನದ ಎಣಿಕೆಯಿದ್ದ ಅವಳ ಪ್ರಬಂಧ ಓದಿ ಶಾಹೀನ್ ಬರೆದದ್ದು ಒಂದೇ ಮಾತು: 'ಭಾಳ ಛಲೋ ಐತಿ.'

"ಹೊಗಳಿದರೆ ಅವಳು ಏನು ತಿದ್ದುತ್ತಾಳೆ? ನಿನಗೆ ನಂಬಿಕೆ ಬಾರದ ಒಂದು ಜಾಗ ತೋರಿಸು," ಎಂದೆ.

"ಬ್ಯಾಡ್ರಿ ಅಕ್ಕಾರ. ಬ್ಯಾಸರ ಮಾಡ್ಕೋತಾಳ."

ನಾನು ಬಿಡಲಿಲ್ಲ. ಅವಳು ಪೆನ್ಸಿಲಿನಲ್ಲಿ ಸಣ್ಣಗೆ ಬರೆದಳು: 'ಗುರುವಾರ ನೀನು ಯಲಬುರ್ಗಾದಲ್ಲಿದ್ದೆ. ಎಣಿಸಿದವರು ಯಾರು?'

ಹಾಳೆ ತರಗತಿಯಲ್ಲಿ ಕೈಯಿಂದ ಕೈಗೆ ಹೋಯಿತು. ಯಲಬುರ್ಗಾಕ್ಕೆ ಯಾಕೆ ಹೋಗಿದ್ದಳು ಎಂದು ಒಬ್ಬಳು ಕೇಳಿದಳು, ಆ ಊರಿನ ಇನ್ನೊಬ್ಬಳು ಹೇಳಿದಳು. ಸೋದರತ್ತೆಯ ಮನೆಯಲ್ಲಿ ಗಂಡಿನ ಕಡೆಯವರು ಅವಳನ್ನು ನೋಡಿ ಬೇಡವೆಂದದ್ದು ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತಾಯಿತು. ಸಂಜೆಯವರೆಗೆ ಗೊತ್ತಿಲ್ಲದೇ ಇದ್ದವಳು ನಾನೊಬ್ಬಳೇ.

"ನಿನಗೊಬ್ಬಾಕಿಗೇ ಹೇಳಿದ್ನಲ್ಲ," ಎಂದಳು ರೇಣುಕಾ ಶಾಹೀನಳಿಗೆ, ನನ್ನ ಅಡುಗೆಮನೆಯ ಹೊಸ್ತಿಲಲ್ಲೇ ನಿಂತು.

"ಅಕ್ಕಾರ ಬರಿ ಅಂದ್ರು."

ಇಬ್ಬರೂ ನನ್ನ ಕಡೆ ನೋಡಿದರು.

ಗುರುವಾರದ ಸಾಲಿನ ಸಂಖ್ಯೆ ಹೊಡೆದುಹಾಕಿ ರೇಣುಕಾ 'ಎಣಿಸಿಲ್ಲ' ಎಂದು ಬರೆದುಕೊಟ್ಟಳು. ಇಡೀ ತರಗತಿಯಲ್ಲಿ ಒಳ್ಳೆಯ ತಿದ್ದುಪಡಿ ಅದೇ ಎಂದು ನನ್ನವರು ಸಂತೋಷಪಟ್ಟರು. ಶಾಹೀನ್ ಆಮೇಲೆ ಬಂದಿಲ್ಲ. ರೇಣುಕಾ ಎದುರಾದಾಗ "ಚಾ ಆತೇನ್ರಿ ಅಕ್ಕಾರ?" ಎನ್ನುತ್ತಾಳೆ, ಉತ್ತರಕ್ಕೆ ನಿಲ್ಲುವುದಿಲ್ಲ.

ಮೊನ್ನೆ ಮಂಗಳೂರಿನಿಂದ ತಂಗಿ ಫೋನ್ ಮಾಡಿದ್ದಳು. "ಅಲ್ಲಿ ನಿಂಗೆ ಜನ ಯಾರಾದ್ರೂ ಉಂಟಾ ಅಕ್ಕಾ?"

"ಇಬ್ಬರು ಅದಾರ," ಎಂದೆ.

ಅವಳು ಜೋರಾಗಿ ನಕ್ಕಳು. "ನೀನು ಪೂರಾ ಅಲ್ಲಿಯವಳೇ ಆದೆ ಮಾರಾಯ್ತಿ!"