ಬೆನ್ನ ಹಿಂದಿನ ಸೀಟಿ

ನಮ್ಮ ಪಾರ್ಮಾದ ಬೊನ್ವೀನಿ ಮೇಷ್ಟ್ರು ಕಾಫಿ ಅಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುವವರು, ಇಗರ್ಜಿಯಲ್ಲಿ ಕಟ್ಟಕಡೆಯ ಬೆಂಚು, ಕ್ಷೌರದವನಿಗೂ "ಮುಂದೆ ನಿಂತೇ ಕತ್ತರಿಸು ಮಾರಾಯ!" ಎಂಬ ಗದರಿಕೆ, ಹಾಗಾಗಿ ಹಿಂದಲೆಯೆಲ್ಲ ಕಾಡು. ಒಂದು ಕಾಲಕ್ಕೆ ಇವರು ರಾಗ ಕಟ್ಟಿದ ಒಪೆರಾಗಳಿಗೆ, ಅಂದರೆ ಹಾಡುನಾಟಕಗಳಿಗೆ, ಊರೇ ಮುಗಿಬೀಳುತ್ತಿತ್ತು. ಆದರೆ ಹೊಸ ಒಪೆರಾದ ಮೊದಲ ಮೂರು ಆಟಕ್ಕೆ ಅದನ್ನು ಕಟ್ಟಿದವನು ವಾದ್ಯದವರ ನಡುವೆ, ಜನಕ್ಕೆ ಬೆನ್ನು ಹಾಕಿ ಕೂರಬೇಕೆಂಬುದು ನಮ್ಮಲ್ಲಿನ ಕಟ್ಟಳೆ. ಮೀಸೆ ಚಿಗುರುವಾಗ ಇವರು ಬರೆದ ಮೊಟ್ಟಮೊದಲ ಒಪೆರಾಕ್ಕೆ ಮೂರೂ ಆಟ ಹಿಂದಿನಿಂದ ಛೀಮಾರಿಯ ಸೀಟಿ. ಮತ್ತೆ ಅದನ್ನು ಯಾರೂ ಆಡಲಿಲ್ಲ. ನಿನ್ನೆ ಕಾಫಿ ಅಂಗಡಿಯ ಆ ಗೋಡೆಯಾಚೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಮುದುಕಿ ಒರ್ತೆನ್ಸಿಯಾ, ಆಗ ಆ ಒಪೆರಾದ ಹಾಡುಮೇಳದಲ್ಲಿದ್ದವಳು, ಅದೇ ಒಪೆರಾದ ಹಾಡು ಎತ್ತಿದಳು. ಮೇಷ್ಟ್ರ ಹೆಗಲು ಕಿವಿಗೇರಿತು. ನಾವೆಲ್ಲ ಆಚೀಚೆ ಮೇಜಿನಿಂದ ಅವರತ್ತಲೇ ನೋಡಿದೆವು. ಹಾಡು ಮುಗಿಯಿತು. ಅವರು ಹಿಂದಿರುಗಿ ನೋಡಲಿಲ್ಲ. "ಯಾಕ್ರಪ್ಪಾ," ಅಂದರು ಮೆಲ್ಲಗೆ, "ಇನ್ನೂ ಯಾರೂ ಸೀಟಿ ಹೊಡೀಲಿಲ್ಲ?"