ಹುಂಜಕ್ಕೆ ತಲೆ ಕೊಡವಲು ಕಲಿಸಿದ್ದು

ನಮ್ಮ ಮನೆಯ ಹುಂಜ ಎರಡು ಸಲ ದೇವಿಗೇ ಇಲ್ಲ ಅಂದಿತ್ತು. ಅಂಕೋಲೆಯ ನಮ್ಮ ಕಡಲಂಚಿನಲ್ಲಿ ಅಷ್ಟು ಧೈರ್ಯ ಇದ್ದ ಪ್ರಾಣಿ ಅದೊಂದೇ. ಮನುಷ್ಯರಲ್ಲಂತೂ ಯಾರೂ ಇರಲಿಲ್ಲ.

ವಿಷಯ ಇಷ್ಟು. ನನ್ನ ಕಾಕಾ ಬೈತಖೋಲ ಬಂದರಿನಲ್ಲಿ ಮೀನು ಹಿಡಿಯುವ ಒಂದು ಟ್ರಾಲರಿನಲ್ಲಿ ದುಡಿಯುತ್ತಿದ್ದ. ಒಂದು ಸಲ ಎಂಜಿನ್ ಕೆಟ್ಟು ಆ ಟ್ರಾಲರು ಎರಡು ದಿನ ದಡ ಕಾಣಲಿಲ್ಲ. ಕಾಕಾನ ತಾಯಿ, ಅಂದರೆ ನನ್ನ ಅಜ್ಜಿ, ಅಂಗಳದಲ್ಲಿ ಕೆದರುತ್ತಿದ್ದ ಹುಂಜವನ್ನು ತೋರಿಸಿ, ಮಗ ಬಂದರೆ ಇದನ್ನು ನಿನಗೆ ಕೊಡುತ್ತೇನೆ ಎಂದು ಊರ ದೇವಿಗೆ ಹರಕೆ ಹೊತ್ತಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹರಕೆ ತೀರುವ ತನಕ ಮೀನು ತಿನ್ನುವುದಿಲ್ಲ ಎಂದೂ ಸೇರಿಸಿಬಿಟ್ಟಳು. ಕಾಕಾ ಮೂರನೆಯ ದಿನ ಮನೆಗೆ ಬಂದು, ಹೊಟ್ಟೆ ತುಂಬ ಬಂಗಡೆ ಸಾರು ಉಂಡು ಮಲಗಿದ. ಅಜ್ಜಿ ಗಂಜಿಯ ಮುಂದೆ ಉಪ್ಪಿನಕಾಯಿ ನೆಕ್ಕುತ್ತ ಕೂತಳು.

ನಮ್ಮಲ್ಲಿ ಹರಕೆಯ ಕೋಳಿಯನ್ನು ಸುಮ್ಮನೆ ಕೊಯ್ಯುವಂತಿಲ್ಲ. ವರ್ಷಕ್ಕೊಮ್ಮೆ ಬರುವ ಹರಕೆಯ ಪೂಜೆಯ ದಿನ, ದೇವಿಯ ಪೂಜಾರಿ ಗುನಗರು ಅದರ ತಲೆಯ ಮೇಲೆ ನೀರು ಚಿಮುಕಿಸುತ್ತಾರೆ. ಕೋಳಿ ತಲೆ ಕೊಡವಿದರೆ ದೇವಿ ಒಪ್ಪಿದಳು ಎಂದು ಅರ್ಥ. ಒಪ್ಪುವವಳು ದೇವಿ, ಹೋಗುವುದು ಕೋಳಿಯ ತಲೆ. ನಮ್ಮ ಹುಂಜ ಮೊದಲ ವರ್ಷ ಎಷ್ಟು ನೀರು ಬಿದ್ದರೂ ಮಧ್ಯಾಹ್ನದ ಊಟ ಮುಗಿಸಿದ ಗುಮಾಸ್ತನ ಹಾಗೆ ಅಲುಗಾಡದೆ ನಿಂತಿತು.

"ದೇವಿಗೆ ಮನಸಿಲ್ಲ. ಮುಂದಿನ ವರ್ಷ ನೋಡ್ವ" ಎಂದರು ಗುನಗರು.

ಮುಂದಿನ ವರ್ಷವೂ ಅದೇ ಕತೆ. ಬೇರೆ ಕೋಳಿ ಕೊಡುವ ಹಾಗಿಲ್ಲ, ಬೆರಳು ಮಾಡಿ ತೋರಿಸಿದ್ದು ಇದನ್ನೇ. ಅಜ್ಜಿ ಸೊರಗಿ ಕಡ್ಡಿಯಾದಳು. ಗಾಳಿ ಜೋರಾದಾಗಲೆಲ್ಲ ಬಾಗಿಲಲ್ಲಿ ಕೂತು, ದೇವಿಗೆ ಸಿಟ್ಟು ಬಂದಿದೆ, ಕೊಟ್ಟ ಮಗನನ್ನು ವಾಪಸ್ ಕೇಳುತ್ತಾಳೆ ಎಂದು ಗೊಣಗುತ್ತಿದ್ದಳು. ಹುಂಜ ಮಾತ್ರ ದಿನದಿನಕ್ಕೆ ಕೊಬ್ಬಿ, ಬೇಲಿಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು.

ನಾನು ಆಗ ಕಾರವಾರಕ್ಕೆ ದಿನಾ ಬಸ್ಸಲ್ಲಿ ಹೋಗಿ ಬಿ.ಎಡ್. ಓದುತ್ತಿದ್ದೆ. ಮನಃಶಾಸ್ತ್ರದ ಮಾಸ್ತರು ಒಂದು ದಿನ ಪ್ರಾಣಿಗಳು ಕಲಿಯುವ ಬಗೆಯನ್ನು ವಿವರಿಸಿದರು. ಏನನ್ನೋ ಮಾಡಿದ ಕೂಡಲೇ ತಿನ್ನಲು ಸಿಕ್ಕರೆ ಪ್ರಾಣಿ ಅದನ್ನೇ ಮತ್ತೆ ಮಾಡುತ್ತದೆ. ಪೆಟ್ಟಿಗೆಯೊಳಗಿನ ಇಲಿ ಹಿಡಿಕೆ ಒತ್ತುತ್ತದೆ, ಪಾರಿವಾಳ ಗುಂಡಿ ಕುಟುಕುತ್ತದೆ. ಇದಕ್ಕೆ ಪುನರ್ಬಲನ ಎಂದು ಹೆಸರು. ಇಷ್ಟು ತಿಳಿಯಲು ಬಿ.ಎಡ್. ಯಾಕೆ, ಕಾರವಾರದ ಹಬ್ಬುವಾಡದ ಓಣಿಯಲ್ಲಿ ಮೀನು ಮಾರುವ ಹೆಂಗಸಿನ ಹಿಂದೆ ಬೆಕ್ಕುಗಳು ಹೋಗುವುದನ್ನು ನೋಡಿದರೆ ಸಾಕು ಎಂದು ನಾನು ಗೆಳತಿಯ ಕಿವಿಯಲ್ಲಿ ಅಂದೆ. ನನ್ನ ಪಿಸುಮಾತು ಯಾವತ್ತೂ ಪಿಸುಮಾತಾಗಿ ಇರುವುದಿಲ್ಲ.

"ಹಂಗಾರೆ ನೀನೇ ಒಂದ್ ಪ್ರಾಣಿಗೆ ಏನಾದ್ರೂ ಕಲ್ಸಿ ವಿಡಿಯೋ ಮಾಡ್ಕಂಡ್ ಬಾ" ಎಂದರು ಮಾಸ್ತರು.

ಮನೆಯಲ್ಲಿ ಇದ್ದದ್ದು ಹುಂಜ. ಸಂಜೆ ನಾನು ಬಾವಿಕಟ್ಟೆಯ ಹತ್ತಿರ ಪಾತ್ರೆ ತಿಕ್ಕುವಾಗ ಅದು ಅನ್ನದ ಅಗುಳಿಗಾಗಿ ಸುತ್ತುತ್ತಿತ್ತು. ಒಂದು ದಿನ ಕೈ ಒದರಿದಾಗ ಹನಿ ಸಿಡಿದು ತಲೆ ಕೊಡವಿತು. ಇದೇ ಸರಿ ಅನಿಸಿತು. ಅಜ್ಜಿ ತಾನು ತಿನ್ನದೆ ಎತ್ತಿಟ್ಟಿದ್ದ ಡಬ್ಬಿಯಿಂದ ಒಣ ಶೆಟ್ಲಿ, ಅಂದರೆ ಒಣಗಿಸಿದ ಸೀಗಡಿ, ಕದ್ದು ತಂದು, ಅದು ತಲೆ ಕೊಡವಿದಾಗಲೆಲ್ಲ ಒಂದೊಂದು ಎಸೆದೆ. ಒಂದು ವಾರದಲ್ಲಿ ಹನಿ ಬೀಳುವುದನ್ನೇ ಕಾಯತೊಡಗಿತು. ಎರಡನೆಯ ವಾರ ಒದ್ದೆ ಕೈ ಕಂಡರೆ ಸಾಕಿತ್ತು. ಆಮೇಲೆ ಮಾಸ್ತರು ಹೇಳಿಕೊಟ್ಟಂತೆ ಒಮ್ಮೆ ಕೊಟ್ಟು ನಾಲ್ಕು ಸಲ ಸತಾಯಿಸಿದೆ. ಹಾಗೆ ಮಾಡಿದರೆ ಅಭ್ಯಾಸ ಗಟ್ಟಿಯಾಗುತ್ತದಂತೆ. ಸಿಗದಿದ್ದರೂ ಈಗ ಸಿಕ್ಕೀತು, ಆಗ ಸಿಕ್ಕೀತು ಎಂದು ಮಾಡುತ್ತಲೇ ಇರುತ್ತದಂತೆ. ಅದೂ ನಿಜವೇ ಆಯಿತು.

ಮಾಸ್ತರು ವಿಡಿಯೋವನ್ನು ಇಡೀ ತರಗತಿಗೆ ತೋರಿಸಿ, ನನ್ನ ರೆಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ 'ವೆರಿ ಗುಡ್' ಎಂದು ಬರೆದರು. ಆ ಎರಡು ಪದದ ಆಸೆಗೆ ನಾನು ಯಾರೂ ಕೇಳದ ಇನ್ನೂ ಮೂರು ಪ್ರಯೋಗ ಬರೆದುಕೊಟ್ಟೆ. ಹುಂಜಕ್ಕೂ ನನಗೂ ವ್ಯತ್ಯಾಸ ಶೆಟ್ಲಿಯದ್ದು ಮಾತ್ರ.

ಗುನಗರು ಮಾಡುವುದೂ ಇದನ್ನೇ ಅಲ್ಲವೇ ಎಂದು ನನಗೆ ಹೊಳೆಯಲೇ ಇಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ಓದಿದವಳ ಬುದ್ಧಿ ಹಾಗೆ. ಹರಕೆಯನ್ನು ಮೂಢನಂಬಿಕೆಯ ಕಡೆಗೆ ಹಾಕಿದ್ದೆ, ಹುಂಜವನ್ನು ವಿಜ್ಞಾನದ ಕಡೆಗೆ. ಎರಡೂ ನಮ್ಮ ಅಂಗಳದಲ್ಲೇ ಇವೆ ಎಂಬುದು ಮರೆತುಹೋಗಿತ್ತು.

ಮೂರನೆಯ ವರ್ಷದ ಪೂಜೆಗೆ ಮನೆಯವರಷ್ಟೇ ಹೋದೆವು. ಕಾಕಾ ಹುಂಜವನ್ನು ಹಿಡಿದಿದ್ದ. ಅಜ್ಜಿ ಕೈಮುಗಿದು ನಿಂತಿದ್ದಳು. ಗುನಗರು ತಂಬಿಗೆಯಲ್ಲಿ ಕೈ ಅದ್ದಿದರು. ಆಗಷ್ಟೇ ನನಗೆ ಬಾವಿಕಟ್ಟೆಯ ನನ್ನ ಒದ್ದೆ ಕೈ ನೆನಪಾಯಿತು.

ಹಿಂದಿನ ಎರಡು ಸಲ ಹೆದರಿ ಮರಗಟ್ಟಿದ್ದ ಹುಂಜ, ಒದ್ದೆ ಕೈ ಕಂಡದ್ದೇ ತಡ, ನೀರು ಬೀಳುವ ಮೊದಲೇ ತಲೆ ಕೊಡವಿತು. ಗುನಗರು ಗಾಬರಿಯಾಗಿ ಕೈ ಹಿಂದೆ ಎಳೆದುಕೊಂಡರು. ಅದು ಮತ್ತೆ ಕೊಡವಿತು. ಏನೂ ಸಿಗದ ಕಾರಣ ಇನ್ನೂ ಜೋರಾಗಿ ಕೊಡವಿತು.

"ಅಬ್ಬಾ! ಇಂಥಾ ಒಪ್ಗೆ ನಾ ಹುಟ್ದಾಗಿಂದ ಕಂಡದ್ದಿಲ್ಲ" ಎಂದರು ಗುನಗರು.

ಅಜ್ಜಿ ಗೊಳೋ ಎಂದು ಅತ್ತಳು. "ಸಿಟ್ಟಿಲ್ಲ ಮಗಾ, ಅವ್ಳಿಗೆ ಸಿಟ್ಟಿಲ್ಲ" ಎನ್ನುತ್ತ ಕಾಕಾನ ಕೆನ್ನೆ ಸವರಿದಳು.

ಹುಂಜ ದೇವಿಯನ್ನೂ ನೋಡಲಿಲ್ಲ, ಗುನಗರನ್ನೂ ನೋಡಲಿಲ್ಲ. ಕತ್ತು ಓರೆ ಮಾಡಿ ನನ್ನ ಕೈಯನ್ನೇ ನೋಡುತ್ತಿತ್ತು. ಇದು ದೇವಿಯ ಒಪ್ಪಿಗೆ ಅಲ್ಲ, ನಾನು ಕಲಿಸಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಹುಂಜ ಉಳಿಯುತ್ತಿತ್ತು, ಅಜ್ಜಿ ಮತ್ತೆ ಗಂಜಿಗೂ ಬಾಗಿಲಿಗೂ ಮರಳುತ್ತಿದ್ದಳು. ದೇವಿಗೂ ಬಗ್ಗದೆ ಬದುಕಿದ್ದ ಪ್ರಾಣಿಗೆ ನಾನು ಯಮನಾದೆನಲ್ಲ ಎಂದು ನಾಚಿಕೆಯಾಯಿತು, ದುಃಖವಾಯಿತು. ಆದರೂ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಅಜ್ಜಿ ಎರಡು ವರ್ಷದ ಮೇಲೆ ಹುರಿದ ಬಂಗಡೆ ತಿಂದಳು. ತಲೆ ಚೀಪಿದಳು, ಮುಳ್ಳು ಚೀಪಿದಳು, ಕೊನೆಗೆ ತನ್ನ ಬೆರಳನ್ನೂ ಚೀಪಿದಳು. ನನ್ನ ತಟ್ಟೆಯಲ್ಲಿ ಕೋಳಿ ಸಾರು ಆರುತ್ತಿತ್ತು.

"ಎಂತಕೆ ತಿನ್ನೂದಿಲ್ಲ ತಂಗೀ? ದಿನಾ ಅಗುಳು ಹಾಕ್ದವ್ಳು ನೀನು, ಸಂಕ್ಟ ಆಗ್ತದೆ. ಆದ್ರೆ ನೋಡ್ದ್ಯಲ್ಲ, ಎಷ್ಟ್ ಖುಷಿಯಿಂದ ಒಪ್ಕಂತು ಅದು. ಹೌದಲ್ದನೇ?" ಎಂದಳು ಅಜ್ಜಿ.

ನಾನು ಹೌದೆಂದು ತಲೆ ಆಡಿಸಿದೆ. ಅಜ್ಜಿಯ ಮುಖ ಅರಳಿತು. ಪಾತ್ರೆಯೊಳಗೆ ಸೌಟು ಆಡಿಸಿ, ಇದ್ದುದರಲ್ಲಿ ದೊಡ್ಡ ತುಂಡು ಹುಡುಕಿ ನನ್ನ ತಟ್ಟೆಗೆ ಹಾಕಿದಳು.

"ನೋವೂ ಆಗ್ಲಿಲ್ಲ ಅದ್ಕೆ, ಅಲ್ದನೇ?" ಎಂದು ಕೇಳಿದಳು.

ನಾನು ಮತ್ತೆ ತಲೆ ಆಡಿಸಿದೆ.